8ನೇ ತರಗತಿ ಆದಮೇಲೆ ಕೈ ಹಿಡಿದ ಹಣ: ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಬಗ್ಗೆ ನಮ್ಮ ಮನೆಯ ಅನುಭವ

ನನ್ನ ತಂಗಿಗೆ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್ ಕಮ್ ಮೆರಿಟ್) ಸ್ಕಾಲರ್‌ಶಿಪ್ ಸಿಕ್ಕು ಇದು ನಾಲ್ಕನೇ ವರ್ಷ, ಕೊನೆಯ ವರ್ಷ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದನ್ನು ಕೆಳಗೆ ಬರೆದಿದ್ದೇನೆ, ಆ ಭಾಗ ಸ್ವಲ್ಪ ಉದ್ದ ಇದೆ, ದಯವಿಟ್ಟು ಅಲ್ಲಿವರೆಗೂ ಓದಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ನೀವು ಕೆಲಸ ಮಾಡುವ ಕಡೆ ಯಾರ ಮಗುವಾದರೂ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ 7 ಇಲ್ಲವೇ 8ನೇ ತರಗತಿ ಓದುತ್ತಿದ್ದರೆ ಇದು ಅವರಿಗೆ ಬೇಕಾದ ವಿಷಯ.

ನಮ್ಮದು ಹಾವೇರಿ ಜಿಲ್ಲೆಯ ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ, ಕೆಜಿ ಲೆಕ್ಕದ ಕೂಲಿ. ಸೀಸನ್ ಇದ್ದಾಗ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ, ಮಳೆಗಾಲ ಬಂತೆಂದರೆ ಕೈ ಖಾಲಿ. ನಾನು ಹತ್ತನೇ ತರಗತಿ ಪಾಸಾಗಿ ಅಲ್ಲಿಗೇ ನಿಲ್ಲಿಸಿದವಳು. ಈಗ ಹುಬ್ಬಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ, ಭಾನುವಾರ ರೈಲು ಹತ್ತಿ ಊರಿಗೆ ಬರುತ್ತೇನೆ. ನಾನು ಎಂಟನೇ ತರಗತಿಯಲ್ಲಿದ್ದಾಗಲೂ ಈ ಸ್ಕಾಲರ್‌ಶಿಪ್ ಇತ್ತು, 2008ರಿಂದಲೇ ಇದೆ. ಆಗ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. ನನಗೆ ಯಾರೂ ಹೇಳಲಿಲ್ಲ, ನಮ್ಮ ಮನೆಯಲ್ಲಿ ಕೇಳುವವರೂ ಇರಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಲು ಆಗದೇ ಹೋದದ್ದು ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ. ಅದಕ್ಕೇ ತಂಗಿಯ ಸರದಿ ಬಂದಾಗ ನಾನು ಇದರ ಹಿಂದೆ ಬಿದ್ದೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್. ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ ಬರೆಯಬೇಕು. ಆಯ್ಕೆಯಾದರೆ 9ನೇ ತರಗತಿಯಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ತಿಂಗಳಿಗೆ ಒಂದು ಸಾವಿರದ ಲೆಕ್ಕ. 2017ರ ಏಪ್ರಿಲ್‌ನಿಂದ ಈ ಮೊತ್ತ ಮಾಡಿದರು, ಅದಕ್ಕೆ ಮೊದಲು ಆರು ಸಾವಿರ ಇತ್ತು. ಅಪ್ಪ ಅವ್ವನ ಒಟ್ಟು ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 50. ಖಾಸಗಿ ಶಾಲೆ, ನವೋದಯ, ಕೇಂದ್ರೀಯ ವಿದ್ಯಾಲಯ, ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಮಾತ್ರ. ಅದರಲ್ಲಿ ನಮ್ಮ ರಾಜ್ಯದ ಪಾಲು 5,534. ಅಂದರೆ ಪರೀಕ್ಷೆ ಪಾಸಾದ ಎಲ್ಲರಿಗೂ ಸಿಗುವುದಿಲ್ಲ.

ಈಗ ನನಗೆ ಇದರಲ್ಲಿ ತುಂಬಾ ಹಿಡಿಸಿದ ವಿಷಯಕ್ಕೆ ಬರುತ್ತೇನೆ. ಇದು ಶುರುವಾಗುವ ಜಾಗ.

ನಮ್ಮ ತಂಗಿ ಹುಟ್ಟಿದಾಗ ಭಾಗ್ಯಲಕ್ಷ್ಮಿ ಬಾಂಡ್ ಮಾಡಿಸಿದ್ದೆವು. ರಾಜ್ಯದಲ್ಲಿ 2006-07ರಲ್ಲಿ ಶುರುವಾದ ಯೋಜನೆ ಅದು. ಆ ಬಾಂಡ್ ಇನ್ನೂ ಅವ್ವನ ಟ್ರಂಕಿನಲ್ಲಿ ಸೀರೆಯ ಕೆಳಗೆ ಭದ್ರವಾಗಿದೆ. ಹದಿನೆಂಟು ತುಂಬುವವರೆಗೆ ಮದುವೆ ಮಾಡಬಾರದು, ದುಡಿಯಲು ಕಳಿಸಬಾರದು, ಕನಿಷ್ಠ 8ನೇ ತರಗತಿವರೆಗೆ ಓದಿಸಬೇಕು, ಇದು ಅದರ ಷರತ್ತು. ಒಳ್ಳೆಯ ಯೋಜನೆ, ನಾನು ಬೇಡ ಅನ್ನುವುದಿಲ್ಲ. ಆದರೆ ಅದರ ಓದಿನ ಷರತ್ತು ಎಂಟಕ್ಕೇ ಮುಗಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೂ ಅಷ್ಟೇ, 6ರಿಂದ 14 ವರ್ಷ, 8ನೇ ತರಗತಿವರೆಗೆ. ಅಲ್ಲಿಯವರೆಗೆ ಮಗು ಶಾಲೆಗೆ ಬರಲಿಲ್ಲ ಅಂದರೆ ಮೇಷ್ಟ್ರು ಮನೆಗೆ ಬಂದು ಕೇಳುತ್ತಾರೆ. ಎಂಟು ಮುಗಿದ ಮೇಲೆ ಮಗುವಿನ ಓದು ಮನೆಯವರ ಮನಸ್ಸಿಗೆ ಬಿಟ್ಟದ್ದು. ನಮ್ಮ ಕಡೆ ಹೆಣ್ಣುಮಕ್ಕಳು ದೊಡ್ಡವರಾಗುವ ವಯಸ್ಸೂ ಅದೇ, ಗಂಡುಮಕ್ಕಳ ತೋಳಿಗೆ ಚೀಲ ಹೊರುವ ಶಕ್ತಿ ಬರುವ ವಯಸ್ಸೂ ಅದೇ. ಎಲ್ಲ ಕಡೆಯಿಂದ ಹಿಡಿದಿದ್ದ ಕೈಗಳು ಬಿಡುವ ಹೊತ್ತಿಗೆ ಸರಿಯಾಗಿ ಈ ಸ್ಕಾಲರ್‌ಶಿಪ್ ಕೈ ಹಿಡಿಯುತ್ತದೆ. ಎಂಟನೇ ತರಗತಿಗೇ ಶಾಲೆ ಬಿಡುವ ಬಡ ಮಕ್ಕಳನ್ನು ತಡೆಯಬೇಕು ಅಂತಲೇ ಇದನ್ನು ಮಾಡಿದ್ದು. ಇದನ್ನು ಯೋಚಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ.

ಪರೀಕ್ಷೆ ವಿಷಯ. ಚಳಿಗಾಲದ ಒಂದು ಭಾನುವಾರ ನಡೆಯುತ್ತದೆ. ಎರಡು ಪೇಪರ್. ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಎರಡಕ್ಕೂ 90 ಪ್ರಶ್ನೆ, 90 ನಿಮಿಷ. ಪಾಠದ ಪೇಪರ್‌ನಲ್ಲಿ ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಉತ್ತರ ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು ಅಂತ ಅವಳಿಗೆ ಹತ್ತು ಸಲ ಹೇಳಿದ್ದೆ. ಎರಡೂ ಸೇರಿ ಶೇ 40 ಬಂದರೆ ಪಾಸು, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 32. ಆದರೆ ಆಯ್ಕೆ ಪಟ್ಟಿ ಅದಕ್ಕಿಂತ ಮೇಲೆ ಮುಗಿದುಹೋಗುತ್ತದೆ.

ಪಾಠದ್ದು ಹೇಗೋ ಆಗುತ್ತದೆ. ಕಷ್ಟ ಮೊದಲನೇ ಪೇಪರ್. ಸಂಖ್ಯೆಗಳ ಸಾಲು, ಕನ್ನಡಿಯಲ್ಲಿ ಕಾಣುವ ಚಿತ್ರ, ಗುಂಪಿಗೆ ಸೇರದ್ದನ್ನು ಹುಡುಕು, ಇಂಥವು. ಇವನ್ನು ಶಾಲೆಯ ಪುಸ್ತಕದಲ್ಲಿ ಎಲ್ಲೂ ಕಲಿಸಿರುವುದಿಲ್ಲ. ಪೇಟೆ ಮಕ್ಕಳಿಗೆ ಕೋಚಿಂಗ್ ಇರುತ್ತದೆ. ನಮ್ಮವಳಿಗೆ ಇದ್ದದ್ದು ಅವಳ ಗಣಿತದ ಅಕ್ಕೋರು. ಅವರು ಸಂಜೆ ಶಾಲೆ ಬಿಟ್ಟ ಮೇಲೆ ಎಂಟು ಹತ್ತು ಮಕ್ಕಳನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಪುಸ್ತಕ ಕೊಂಡು ತಂದಿದ್ದೆ, ಅದನ್ನೇ ಝೆರಾಕ್ಸ್ ಮಾಡಿಸಿ ಎಲ್ಲ ಮಕ್ಕಳಿಗೂ ಹಂಚಿದರು. ಆ ಗುಂಪಿನಲ್ಲಿ ಇಬ್ಬರು ಆಯ್ಕೆಯಾದರು, ನಮ್ಮ ತಂಗಿ ಮತ್ತು ಅದೇ ಓಣಿಯ ಒಬ್ಬ ಹುಡುಗ. ಆ ಹುಡುಗನ ಮಾತು ಆಮೇಲೆ ಬರುತ್ತದೆ.

ರಿಸಲ್ಟ್ ಬಂದ ದಿನ ಮನೆಯಲ್ಲಿ ಏನಾಯಿತು ಅನ್ನೋದನ್ನು ಹೇಳಲೇಬೇಕು. ಅದಕ್ಕೆ ಸ್ವಲ್ಪ ಮೊದಲು ನಮ್ಮ ದೊಡ್ಡ ಸೋದರತ್ತೆ ಬಂದು ಅಪ್ಪನ ಹತ್ತಿರ, "ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನೆಷ್ಟು ಓದಸ್ತೀಯೋ ತಮ್ಮಾ" ಅಂತ ಕೇಳಿ ಹೋಗಿದ್ದಳು. ಅಪ್ಪ ಏನೂ ಹೇಳಿರಲಿಲ್ಲ. ಅಪ್ಪನ ಮೌನ ನನಗೆ ಗೊತ್ತು. ನನ್ನ ವಿಷಯದಲ್ಲೂ ಹಾಗೇ ಸುಮ್ಮನಿದ್ದು, ಆಮೇಲೆ ಒಂದು ದಿನ ಸಾಕು ಅಂದುಬಿಟ್ಟಿದ್ದ. ಅವನು ಕೆಟ್ಟವನಲ್ಲ. ಕೈಯಲ್ಲಿ ಇಲ್ಲದವನ ಹತ್ತಿರ ಬೇರೆ ಮಾತು ಇರುವುದಿಲ್ಲ, ಅಷ್ಟೇ. ಪಟ್ಟಿಯಲ್ಲಿ ತಂಗಿಯ ಹೆಸರು ಬಂದ ಮೇಲೆ ಅತ್ತೆ ಮತ್ತೊಮ್ಮೆ ಬಂದು ಅದೇ ಮಾತು ತೆಗೆದಳು. ಆಗ ಅಪ್ಪ, "ಸರ್ಕಾರದಿಂದ ರೊಕ್ಕ ಬರಾಕ ಹತ್ತಿದ ಮ್ಯಾಲ ಸಾಲಿ ಬಿಡಸಾಕ ಬರೂದಿಲ್ಲಕ್ಕಾ" ಅಂದ. ಅಷ್ಟೇ ಮಾತು. ಆಗಿನ್ನೂ ಒಂದು ಪೈಸೆ ಬಂದಿರಲಿಲ್ಲ, ಅಲ್ವಾ? ಆದರೂ ಮಾತು ಅಲ್ಲಿಗೆ ಮುಗಿಯಿತು. ನಾನು ಈ ಸ್ಕಾಲರ್‌ಶಿಪ್‌ಗೆ ಕೊಡುವ ನಾಲ್ಕು ಸ್ಟಾರ್‌ನಲ್ಲಿ ಎರಡು ಆ ಒಂದು ಮಾತಿಗೇ.

ಇನ್ನು ಹಣ ಕೈಗೆ ಬಂದ ಕಥೆ.

ಆಯ್ಕೆಯಾದರೆ ಹಣ ತಾನಾಗಿ ಬರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಬರುವುದಿಲ್ಲ. ಒಂಬತ್ತನೇ ತರಗತಿಗೆ ಹೋದ ಮೇಲೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಅದನ್ನು ಮೊದಲು ಶಾಲೆಯವರು ಒಪ್ಪಬೇಕು, ಆಮೇಲೆ ಜಿಲ್ಲೆಯ ಅಧಿಕಾರಿ ಒಪ್ಪಬೇಕು. ಆಮೇಲೆ ಪ್ರತಿ ವರ್ಷ ರಿನ್ಯೂವಲ್. ಒಂದು ವರ್ಷ ಮರೆತರೆ ಆ ವರ್ಷದ್ದು ಹೋಯಿತು. ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕು. ನಮ್ಮ ಕಡೆ ಇದು ದೊಡ್ಡ ತಲೆನೋವು. ಹೆಸರಿನ ಹಿಂದೆ ಅಪ್ಪ, ಅವ್ವ, ಗೌಡ ಅಂತೆಲ್ಲ ಇರುತ್ತದೆ, ಶಾಲೆಯ ದಾಖಲೆಯಲ್ಲಿ ಒಂದು ತರ, ಆಧಾರ್‌ನಲ್ಲಿ ಇನ್ನೊಂದು ತರ, ಅಡ್ಡಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ. ತಂಗಿಯದು ಇನಿಷಿಯಲ್ ಬೇರೆ ಇತ್ತು. ಅದನ್ನು ಸರಿ ಮಾಡಿಸಲು ಅವ್ವ ಎರಡು ದಿನದ ಕೂಲಿ ಬಿಟ್ಟಳು, ನಾನು ಒಂದು ದಿನ ರಜೆ ಹಾಕಿದೆ.

ಅರ್ಜಿ ಎಲ್ಲ ಹಂತ ದಾಟಿತು. ಹಣ ಮಾತ್ರ ಬರಲಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಖಾಲಿ. ಒಂದು ತಿಂಗಳು ಬಿಟ್ಟು ಹೋದರೂ ಖಾಲಿ. ಕೌಂಟರಿನಲ್ಲಿದ್ದವರು ತಲೆ ಎತ್ತದೇ "ಬಂದಿಲ್ಲ, ಮೇಲಿಂದ ಬರಬೇಕು" ಅಂದರು. ಮೇಲೆ ಅಂದರೆ ಎಲ್ಲಿ ಅಂತ ಅವ್ವ ಯಾರನ್ನು ಕೇಳಬೇಕು? ಶಾಲೆಯಲ್ಲಿ ಕೇಳಿದರೆ ಪೋರ್ಟಲ್‌ನಲ್ಲಿ ಎಲ್ಲ ಸರಿ ಇದೆ ಅಂದರು. ಹೀಗೇ ಚಳಿಗಾಲ ಕಳೆಯಿತು.

2024ರ ಮಾರ್ಚ್ ನಿಮಗೆ ನೆನಪಿರಬಹುದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರು ಸಿಟ್ಟಿಗೆದ್ದು, ಎಪಿಎಂಸಿ ಕಚೇರಿ ಮೇಲೆ ಕಲ್ಲು ತೂರಿ, ವಾಹನಗಳಿಗೆ ಬೆಂಕಿ ಬಿದ್ದದ್ದು ಟಿವಿಯಲ್ಲೆಲ್ಲ ಬಂದಿತ್ತು. ರೈತರ ಸಂಕಟ ಸುಳ್ಳಲ್ಲ. ಆದರೆ ಅಲ್ಲಿ ಕೆಲಸ ನಿಂತರೆ ಆ ದಿನ ಒಲೆ ಹಚ್ಚಲು ಯೋಚಿಸಬೇಕಾದ ನಮ್ಮಂಥ ಮನೆಗಳೂ ಆ ಊರಿನಲ್ಲಿ ಬಹಳ ಇವೆ. ಅಪ್ಪ ಅವ್ವ ಇಬ್ಬರೂ ಮನೆಯಲ್ಲೇ ಕೂತರು. ಆ ವಾರ ನಾನು ಊರಿಗೆ ಬಂದವಳು, ಈ ಹಣ ಎಲ್ಲಿ ಹೋಯಿತು ಅಂತ ನೋಡಿಯೇ ಹೋಗುತ್ತೇನೆ ಅಂತ ಕೂತೆ.

ಸಿಕ್ಕಿದ್ದು ಹೀಗೆ. ಆಧಾರ್ ವೆಬ್‌ಸೈಟಿಗೆ ಹೋಗಿ, ಅವಳ ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ, "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಅಂತ ಒಂದು ಕಡೆ ತೋರಿಸುತ್ತದೆ. ಅಲ್ಲಿ ನಾವು ದಿನಾ ಹೋಗಿ ಕೇಳುತ್ತಿದ್ದ ಬ್ಯಾಂಕಿನ ಹೆಸರೇ ಇರಲಿಲ್ಲ. ಬೇರೆ ಯಾವುದೋ ಇತ್ತು. ಅವ್ವನಿಗೆ ಆಗ ನೆನಪಾಯಿತು. ಹಿಂದೊಮ್ಮೆ ಯಾರೋ ಓಣಿಗೆ ಬಂದು ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು ಝೀರೋ ಬ್ಯಾಲೆನ್ಸ್ ಖಾತೆ ಮಾಡಿಕೊಟ್ಟು ಹೋಗಿದ್ದರು. ತಂಗಿಯದೂ ಮಾಡಿಸಿದ್ದರು. ಸರ್ಕಾರದ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿಬಿಡುತ್ತದೆ. ಗೃಹಲಕ್ಷ್ಮಿ ಬಂದ ಮೇಲೆ "ಎನ್‌ಪಿಸಿಐ ಮಾಡಿಸಿ" ಅನ್ನುವ ಮಾತು ಓಣಿ ಹೆಂಗಸರ ಬಾಯಲ್ಲೆಲ್ಲ ಇದೆ, ನೋಡಿ, ಅದೇ ಇದು. ಹೋಗಿ ನೋಡಿದರೆ ಆ ಖಾತೆಯಲ್ಲಿ 12,000 ರೂಪಾಯಿ ಯಾವಾಗಲೋ ಬಂದು ಕೂತಿತ್ತು. ಅವ್ವ ಆ ಚೀಟಿ ಹಿಡಿದುಕೊಂಡು ಬಹಳ ಹೊತ್ತು ಹಾಗೇ ನಿಂತಿದ್ದಳು.

ಆ ಹಣದಲ್ಲಿ ಸ್ವಲ್ಪ ಕಿರಾಣಿ ಅಂಗಡಿಯ ಬಾಕಿಗೆ ಹೋಯಿತು. ಇದನ್ನು ಮುಚ್ಚಿಡುವುದಿಲ್ಲ. ಸ್ಕಾಲರ್‌ಶಿಪ್ ಹಣ ಮನೆ ಖರ್ಚಿಗೆ ಹಾಕುತ್ತಾರೆ ಅಂತ ಬೇಸರ ಮಾಡಿಕೊಳ್ಳುವವರು ಇದ್ದಾರೆ. ನಾನು ಅವರಿಗೆ ಹೇಳುವುದು ಇಷ್ಟೇ, ಅಂಗಡಿಯವರು ಅಕ್ಕಿ ಬೇಳೆ ಕೊಡುವುದು ನಿಲ್ಲಿಸಿದ ಮನೆಯಲ್ಲಿ ಮೊದಲು ಶಾಲೆ ಬಿಡುವುದು ಹೆಣ್ಣುಮಗು. ಉಳಿದದ್ದರಲ್ಲಿ ಅವಳಿಗೆ ಚಾಳೀಸು ಕೊಡಿಸಿದೆವು. ಅವಳಿಗೆ ಬೋರ್ಡ್ ಕಾಣುತ್ತಿರಲಿಲ್ಲ ಅನ್ನೋದು ನಮಗೆ ಗೊತ್ತೇ ಇರಲಿಲ್ಲ. ತಲೆನೋವು ಅನ್ನುತ್ತಿದ್ದಳು, ಮೆಣಸಿನಕಾಯಿ ಘಾಟಿಗೆ ಇರಬೇಕು ಅಂತ ನಾವು ಸುಮ್ಮನಾಗಿದ್ದೆವು. ಮನೆಯಲ್ಲಿ ಅವ್ವನ ಸೀರೆಯಿಂದ ಹಿಡಿದು ಹಾಸಿಗೆವರೆಗೆ ಘಾಟು ಇರುತ್ತದೆ, ಎಲ್ಲದಕ್ಕೂ ಅದೇ ಕಾರಣ ಅಂದುಕೊಂಡುಬಿಡುತ್ತೇವೆ. ಕಣ್ಣು ತಪಾಸಣೆ ಆದಮೇಲೆ ಗೊತ್ತಾಯಿತು, ಎರಡೂ ಕಣ್ಣಿಗೆ ನಂಬರ್ ಇತ್ತು. ಎರಡು ವರ್ಷ ಆ ಹುಡುಗಿ ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಂಡಿದ್ದಾಳೆ! ಹತ್ತನೇ ತರಗತಿ ಪೂರ್ತಿ ಚಾಳೀಸು ಹಾಕಿಕೊಂಡು ಓದಿದಳು, ಶೇ 78 ಬಂತು.

ಎರಡನೇ ವರ್ಷ ಏನೂ ತೊಂದರೆ ಆಗಲಿಲ್ಲ. ಖಾತೆ ಸರಿ ಮಾಡಿಸಿದ್ದೆವು, ಹಣ ನೇರ ಬಂತು.

ಮೂರನೇ ವರ್ಷ ಮತ್ತೆ ಕಷ್ಟ. ಹತ್ತನೇ ತರಗತಿ ಮುಗಿಸಿ ಪಿಯುಗೆ ಹೋದಾಗ ಶಾಲೆ ಬದಲಾಗುತ್ತದೆ, ಆದರೆ ರಿನ್ಯೂವಲ್ ಹೊಸ ಕಾಲೇಜಿನಿಂದ ಆಗಬೇಕು. ಅಲ್ಲಿ ಕೇಳಿದರೆ "ಇದು ಹೈಸ್ಕೂಲ್ ಸ್ಕಾಲರ್‌ಶಿಪ್, ನಮ್ಮಲ್ಲಿ ಬರಲ್ಲ" ಅಂತ ಕಳಿಸಿದರು. ತಂಗಿ ಹೆದರಿ ಎರಡನೇ ಸಲ ಹೋಗಲೇ ಇಲ್ಲ. ನಾನೇ ಹೋದೆ. ಅವರ ಪೋರ್ಟಲ್ ಲಾಗಿನ್ ಯಾರ ಹತ್ತಿರ ಇದೆ ಅಂತ ಅವರಿಗೇ ಗೊತ್ತಿರಲಿಲ್ಲ, ಮೊದಲು ನೋಡಿಕೊಳ್ಳುತ್ತಿದ್ದವರು ವರ್ಗ ಆಗಿ ಹೋಗಿದ್ದರು. ಮೂರು ಸಲ ಅಲೆದು, ಕೊನೆಗೆ ಒಬ್ಬ ಲೆಕ್ಚರರ್ ಸರ್ ತಾವೇ ಕೂತು ಎಲ್ಲ ಸರಿ ಮಾಡಿಸಿ ಕೊನೆಯ ದಿನಕ್ಕೆ ಎರಡು ದಿನ ಮೊದಲು ಅರ್ಜಿ ದಾಟಿಸಿದರು. ಅವರು ಇಲ್ಲದಿದ್ದರೆ ಆ ವರ್ಷದ 12,000 ಹೋಗುತ್ತಿತ್ತು. ಎಷ್ಟು ಮಕ್ಕಳದು ಈ ಜಾಗದಲ್ಲೇ ಹೋಗುತ್ತಿರಬಹುದು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಕೊಡುವ ದಿನವೇ ಶಾಲೆಯವರು "ನಿನ್ನದು ಎನ್‌ಎಂಎಂಎಸ್ ಇದೆ, ಹೊಸ ಕಾಲೇಜಿನಲ್ಲಿ ಹೋಗಿ ಹೇಳು" ಅಂತ ಒಂದು ಚೀಟಿ ಬರೆದುಕೊಟ್ಟರೆ ಸಾಕು.

ಇನ್ನೊಂದು ಮಾತು, ಇದನ್ನು ಬಹಳ ಜನ ತಪ್ಪು ಮಾಡುತ್ತಾರೆ. ಪಿಯುಗೂ ಸರ್ಕಾರಿ ಅಥವಾ ಅನುದಾನಿತ ಕಾಲೇಜೇ ಆಗಬೇಕು. ಖಾಸಗಿ ಕಾಲೇಜಿಗೆ ಸೇರಿದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ. ತಂಗಿಗೆ ಶೇ 78 ಬಂದದ್ದು ಕೇಳಿ ಒಂದು ಖಾಸಗಿ ಕಾಲೇಜಿನವರು ಮನೆಗೇ ಬಂದಿದ್ದರು, ಫೀಸಿನಲ್ಲಿ ಇಷ್ಟು ಬಿಡುತ್ತೇವೆ, ಅಷ್ಟು ಬಿಡುತ್ತೇವೆ ಅಂತ. ಬಿಟ್ಟ ಮೇಲೂ ಉಳಿಯುವ ಫೀಸು ನಮ್ಮ ಅಪ್ಪನ ಒಂದು ಸೀಸನ್ನಿನ ದುಡಿಮೆ. ಸರ್ಕಾರಿ ಕಾಲೇಜಿಗೆ ಹಾಕಿದೆವು. ಬಸ್ಸಿಗೆ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಫ್ರೀ. ಮಧ್ಯಾಹ್ನದ ಊಟ ಮಾತ್ರ ಈಗ ಮನೆಯಿಂದಲೇ ಕಟ್ಟಿಕೊಡಬೇಕು, ಬಿಸಿಯೂಟ ಹತ್ತನೇ ತರಗತಿವರೆಗೆ ಮಾತ್ರ ಇದ್ದದ್ದು.

ಈಗ ಆ ಒಂದು ಸ್ಟಾರ್.

ಇದರ ಷರತ್ತು ಏನೆಂದರೆ, ಒಂಬತ್ತರಿಂದ ಹತ್ತಕ್ಕೆ ಮೊದಲ ಸಲವೇ ಪಾಸಾಗಬೇಕು, ಹತ್ತನೇ ತರಗತಿಯಲ್ಲಿ ಶೇ 60 ಬರಬೇಕು, ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ 55. ಫಸ್ಟ್ ಪಿಯು ಕೂಡ ಒಂದೇ ಸಲಕ್ಕೆ ದಾಟಬೇಕು. ಇಲ್ಲದಿದ್ದರೆ ಹಣ ನಿಲ್ಲುತ್ತದೆ. ಷರತ್ತು ಇರಬಾರದು ಅಂತ ನಾನು ಹೇಳುವುದಿಲ್ಲ. ಷರತ್ತಿನಿಂದ ನಮ್ಮ ಮನೆಗೆ ಒಳ್ಳೆಯದೇ ಆಗಿದೆ. ಗೃಹಲಕ್ಷ್ಮಿಯ ತಿಂಗಳ 2,000ಕ್ಕೆ ಇಂಥ ಷರತ್ತು ಇಲ್ಲ, ಅದು ಅವ್ವನ ಹಣ, ಅದಕ್ಕೆ ಷರತ್ತು ಬೇಡವೂ ಬೇಡ. ಆದರೆ ತಂಗಿಯ ಹಣಕ್ಕೆ ಷರತ್ತು ಇದ್ದದ್ದಕ್ಕೇ ಪರೀಕ್ಷೆ ಹತ್ತಿರ ಬಂದಾಗ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. "ಹತ್ತನೇದ್ರಾಗ ಅರವತ್ತು ಮಾಡಿದ್ರ ಇನ್ನೂ ಎರಡು ವರ್ಷ ಬರ್ತೈತಿ" ಅಂತ ಅವಳು ಹೇಳುತ್ತಿದ್ದಳು, ಅವ್ವ ಪಾತ್ರೆ ಕೂಡ ತೊಳೆಯಲು ಬಿಡುತ್ತಿರಲಿಲ್ಲ.

ಆದರೆ ಆ ಹುಡುಗ ಇದ್ದನಲ್ಲ, ಅವಳ ಜೊತೆ ಆಯ್ಕೆಯಾದವನು. ಅವನ ಅಪ್ಪನಿಗೆ ಬೆನ್ನು ಹೋಗಿತ್ತು, ಚೀಲ ಎತ್ತಲು ಆಗುತ್ತಿರಲಿಲ್ಲ. ನಮ್ಮ ಊರಿನ ಸೀಸನ್ ಗೊತ್ತಲ್ಲ, ಜನವರಿಯಿಂದ ಮಾರ್ಚ್ ಅಂದರೆ ತುದಿ. ಸೋಮವಾರ, ಗುರುವಾರ ಮಾರುಕಟ್ಟೆಗೆ ಬರುವ ಚೀಲ ಲಕ್ಷದ ಲೆಕ್ಕದಲ್ಲಿ. ರಾತ್ರಿ ಎಲ್ಲ ಲಾರಿ. ಮನೆಯಲ್ಲಿ ದುಡಿಯುವ ಕೈ ಬೇಕೇ ಬೇಕಾದ ದಿನಗಳು ಅವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರುವುದೂ ಮಾರ್ಚ್‌ನಲ್ಲೇ. ಹುಡುಗ ರಾತ್ರಿ ಹೋಗಿ ಚೀಲ ಹೊತ್ತು, ಬೆಳಗ್ಗೆ ಶಾಲೆಗೆ ಬಂದು, ಹಾಗೇ ಪರೀಕ್ಷೆ ಬರೆದ. ಒಂದು ವಿಷಯವೂ ಫೇಲ್ ಆಗಲಿಲ್ಲ. ಶೇ 57 ಬಂತು. ಅವನಿಗೆ 60 ಬೇಕಿತ್ತು. ಮೂರು ಪರ್ಸೆಂಟಿಗೆ ಎರಡು ವರ್ಷದ ಹಣ ನಿಂತಿತು. ಈಗ ಅವನು ಗ್ಯಾರೇಜಿನಲ್ಲಿದ್ದಾನೆ. ಎಂಟನೇ ತರಗತಿಯಲ್ಲಿ ಆ ಕನ್ನಡಿ ಚಿತ್ರದ ಲೆಕ್ಕಗಳನ್ನು ನಮ್ಮ ತಂಗಿಗೆ ಹೇಳಿಕೊಟ್ಟದ್ದೇ ಅವನು.

ಯಾರಿಗೆ ಈ ಹಣ ತುಂಬಾ ಬೇಕಾಗಿದೆಯೋ ಅವರ ಅಂಕವೇ ಮೊದಲು ಕಡಿಮೆಯಾಗುತ್ತದೆ. ಇದು ನನಗೆ ಸರಿ ಅನಿಸುವುದಿಲ್ಲ. ಅಂಕ ಮಗುವಿನ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಮನೆಯಲ್ಲಿ ಲೈಟು ಇದೆಯೋ, ಅಪ್ಪನಿಗೆ ಹುಷಾರಿದೆಯೋ, ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರು ಇದ್ದಾರೋ ಇಲ್ಲವೋ, ಎಲ್ಲ ಸೇರಿ ಅಂಕ ಆಗುತ್ತದೆ. ಹಾಜರಾತಿ ಹಾಗಲ್ಲ. ಅದು ಹೆಚ್ಚಾಗಿ ಅಪ್ಪ ಅವ್ವನ ಕೈಯಲ್ಲಿದೆ. ಹಣದ ಆಸೆಗೆ ಅವರು ಬದಲಾಯಿಸಬಹುದಾದದ್ದೂ ಅದನ್ನೇ.

ಬೇರೆ ದೇಶಗಳಲ್ಲಿ ಹಾಗೇ ಮಾಡಿದ್ದಾರೆ. ಶಾಲೆಯ ಸಮಾಜ ವಿಜ್ಞಾನ ಸರ್ ಒಮ್ಮೆ ಹೇಳಿದ್ದರು, ಆಮೇಲೆ ನಾನೂ ಓದಿಕೊಂಡೆ. ಮೆಕ್ಸಿಕೋದಲ್ಲಿ 1997ರಲ್ಲಿ ಪ್ರೊಗ್ರೆಸಾ ಅಂತ ಶುರು ಮಾಡಿದರು. ಮಗು ಶೇ 85 ದಿನ ಶಾಲೆಗೆ ಬಂದರೆ ಹಣ, ಅದೂ ತಾಯಿಯ ಕೈಗೆ. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಅವರನ್ನೇ ಮೊದಲು ಬಿಡಿಸುತ್ತಿದ್ದರು. ಬಾಂಗ್ಲಾದೇಶದಲ್ಲಿ 1994ರಿಂದ ಹಳ್ಳಿಗಳ ಹೈಸ್ಕೂಲ್ ಹುಡುಗಿಯರಿಗೆ ಕೊಟ್ಟರು. ಶೇ 75 ಹಾಜರಾತಿ, ಶೇ 45 ಅಂಕ, ಮತ್ತು ಮದುವೆ ಆಗಿರಬಾರದು. ನಲವತ್ತೈದು! ಅಷ್ಟು ಇಟ್ಟಿದ್ದರೆ ನಮ್ಮ ಓಣಿಯ ಹುಡುಗ ಇವತ್ತು ಸೆಕೆಂಡ್ ಪಿಯು ಇರುತ್ತಿದ್ದ. ಮೊದಲು ಆಯ್ಕೆ ಮಾಡುವಾಗ ಪರೀಕ್ಷೆ ಇಡಲಿ, ಹಣ ಕಡಿಮೆ ಇದೆ, ಮಕ್ಕಳು ಜಾಸ್ತಿ ಇದ್ದಾರೆ, ಅರ್ಥ ಆಗುತ್ತದೆ. ಒಮ್ಮೆ ಆಯ್ಕೆ ಮಾಡಿದ ಮೇಲೆ ಪಾಸಾಗಿ ದಿನಾ ಶಾಲೆಗೆ ಬರುವ ಮಗುವನ್ನು ನಡುದಾರಿಯಲ್ಲಿ ಬಿಡಬಾರದು. ಈ ಒಂದು ಬದಲಾವಣೆ ಮಾಡಿದರೆ ನಾನು ಐದಕ್ಕೆ ಐದು ಕೊಡುತ್ತೇನೆ.

ಮೊತ್ತದ ಬಗ್ಗೆ ಕೇಳಿದರೆ, ಸಾಲುವುದಿಲ್ಲ. 2017ರಲ್ಲಿ ಹನ್ನೆರಡು ಸಾವಿರಕ್ಕೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಅಂತ ಮನೆ ನಡೆಸುವವರಿಗೆಲ್ಲ ಗೊತ್ತು. ಸೈನ್ಸ್ ತೆಗೆದುಕೊಂಡ ಹುಡುಗಿಗೆ ಪುಸ್ತಕ, ರೆಕಾರ್ಡ್, ಗೈಡ್ ಅಂತಲೇ ಅರ್ಧ ಹೋಗುತ್ತದೆ. ಹಣ ಬರುವ ಹೊತ್ತೂ ನಮಗೆ ಹೊಂದುವುದಿಲ್ಲ, ಖರ್ಚೆಲ್ಲ ಜೂನ್‌ನಲ್ಲಿ, ಹಣ ಬರುವುದು ಯಾವಾಗಲೋ. ನಾವು ಈಗ ಒಂದು ವರ್ಷದ್ದನ್ನು ಮುಂದಿನ ಜೂನ್‌ಗೆ ಅಂತ ಎತ್ತಿಡುತ್ತೇವೆ, ಪೂರ್ತಿ ಅಲ್ಲದಿದ್ದರೂ ಆದಷ್ಟು. ಖಾತೆ ಅವಳ ಹೆಸರಿನಲ್ಲೇ ಇರುವುದರಿಂದ ಕೇಳದೇ ಯಾರೂ ತೆಗೆಯುವುದಿಲ್ಲ. ಅಪ್ಪ ಒಮ್ಮೆ ಬೈಕ್ ರಿಪೇರಿಗೆ ಅಂತ ಅವಳನ್ನೇ ಕೇಳಿ ಎರಡು ಸಾವಿರ ತೆಗೆದುಕೊಂಡ, ಸೀಸನ್ ಬಂದಾಗ ಅವಳ ಕೈಗೇ ವಾಪಸ್ ಕೊಟ್ಟ. ನಮ್ಮ ಮನೆಯಲ್ಲಿ ಅಪ್ಪ ಮಗಳ ಹತ್ತಿರ ಹಣ ಕೇಳಿದ್ದು, ಕೊಟ್ಟದ್ದು ಅದೇ ಮೊದಲು.

ಅರ್ಜಿ ಹಾಕುವವರಿಗೆ ನನ್ನ ಕೈಮುಗಿದ ಮಾತು. ಮಗು ಏಳನೇ ತರಗತಿಯಲ್ಲಿರುವಾಗಲೇ ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಡಿ, ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ನೋಟ್‌ಬುಕ್ಕಿನ ಹಿಂದೆ ಬರೆದಿಡಿ. ಆಧಾರ್, ಶಾಲೆಯ ದಾಖಲೆ, ಬ್ಯಾಂಕ್ ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಒಂದೇ ಇದೆಯಾ ನೋಡಿ. ಆಧಾರ್‌ಗೆ ಮೊಬೈಲ್ ಜೋಡಿಸಿ, ಅದೂ ಮನೆಯಲ್ಲಿ ಯಾವಾಗಲೂ ಇರುವವರ ನಂಬರ್. ನಮ್ಮದು ಹಳೆಯ ನಂಬರ್ ಇದ್ದು ಒಟಿಪಿ ಬರದೇ ಒಂದು ವಾರ ಹೋಗಿತ್ತು. ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅನ್ನು ಪ್ರತಿ ಜೂನ್‌ನಲ್ಲಿ ಒಮ್ಮೆ ನೋಡಿ, ನಡುವೆ ಮಗುವಿನ ಹೆಬ್ಬೆಟ್ಟು ಒತ್ತಿಸಿ ಯಾವ ಹೊಸ ಖಾತೆಯನ್ನೂ ತೆರೆಸಬೇಡಿ. ಪೋರ್ಟಲ್‌ನಲ್ಲಿ ಒಮ್ಮೆ ನೋಂದಣಿ ಮಾಡಿದರೆ 14 ಅಂಕಿಯ ಒಟಿಆರ್ ನಂಬರ್ ಬರುತ್ತದೆ, ಅದು ಕೊನೆವರೆಗೂ ಬೇಕು, ಅಂಗಡಿಯವರ ಕಂಪ್ಯೂಟರಿನಲ್ಲಿ ಬಿಟ್ಟು ಬರಬೇಡಿ, ಪ್ರಿಂಟ್ ತೆಗೆಸಿಕೊಂಡು ಬನ್ನಿ. ಅರ್ಜಿ ಹಾಕಿದ ಮೇಲೆ ಶಾಲೆಯವರು ಒಪ್ಪಿದರಾ ಅಂತ ಹೋಗಿ ಕೇಳಿ. ಕೇಳಲು ಸಂಕೋಚ ಬೇಡ. ಇದು ಭಿಕ್ಷೆ ಅಲ್ಲ, ನಿಮ್ಮ ಮಗು ಪರೀಕ್ಷೆ ಬರೆದು ಗೆದ್ದ ಹಣ.

ಶಾಲೆಯ ಮೇಷ್ಟ್ರುಗಳು, ಅಕ್ಕೋರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಎಂಟನೇ ತರಗತಿಯ ಎಲ್ಲ ಮಕ್ಕಳ ಹೆಸರನ್ನೂ ಕಳಿಸಿ. ಜಾಣರು ನಾಲ್ಕು ಜನ ಸಾಕು ಅನ್ನಬೇಡಿ. ನನ್ನ ಹೆಸರು ಅಂದು ಯಾರೂ ಕಳಿಸಿರಲಿಲ್ಲ.

ತಂಗಿಯ ಕೊನೆಯ ರಿನ್ಯೂವಲ್ ಹೋದ ಭಾನುವಾರ ಹಾಕಿದೆವು. ಈ ಸಲ ಅರ್ಜಿ ತುಂಬಿದ್ದು ಅವಳೇ, ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ ನೋಡಿದೆ ಅಷ್ಟೇ. ಕಾಲೇಜಿನವರು ಒಪ್ಪಿದ್ದಾರೆ, ಜಿಲ್ಲೆಯದು ಬಾಕಿ ಇದೆ. ಆಮೇಲೆ ಅವಳು ಅದೇ ಮೊಬೈಲ್ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ, ಆ ಹುಡುಗನ ತಮ್ಮ ಈಗ ಏಳನೇ ತರಗತಿ, ಅವನ ಆಧಾರ್‌ನಲ್ಲಿ ಹೆಸರು ಹೇಗಿದೆ ಅಂತ ನೋಡಿಕೊಂಡು ಬಂದಳು.